ಅಕ್ಕೋರ ಕೌದಿ ಲೇಬಲ್ಲುಗಳು

ಅಕ್ಕೋರು ಏನನ್ನು ಕೈಗೆ ತೆಗೆದುಕೊಂಡರೂ ಮೊದಲು ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ನೋಡುತ್ತಿದ್ದರು. ಸಂತೆಯಲ್ಲಿ ತೊಗರಿಬೇಳೆ ಕೊಂಡರೂ ಅಷ್ಟೆ, ಹುಡುಗಿಯರ ಡ್ರಾಯಿಂಗ್ ಹಾಳೆಯಾದರೂ ಅಷ್ಟೆ, ನನ್ನ ಅಂಗಡಿಯ ಲಗ್ನಪತ್ರಿಕೆಯಾದರೂ ಅಷ್ಟೆ. ಒಮ್ಮೆ ಚಹಾದ ಗ್ಲಾಸನ್ನೂ ಹಾಗೇ ಎತ್ತಿ ನೋಡಿ, "ಹಾಲು ಕಡಿಮಿ ಬಿದ್ದೈತಿ, ಒಯ್ಯೋ" ಎಂದು ಹೋಟೆಲಿನವನಿಗೆ ವಾಪಸು ಕೊಟ್ಟಿದ್ದರು. ಅವನು ಮರುಮಾತಾಡದೆ ಹಾಲು ಹಾಕಿಕೊಂಡು ಬಂದ. ಅವನ ಅಕ್ಕನಿಗೆ, ತಂಗಿಗೆ, ಹೆಂಡತಿಗೆ ಡ್ರಾಯಿಂಗ್ ಕಲಿಸಿದವರು ಅವರೇ ಆಗಿದ್ದರು.

ಕಳೆದ ತಿಂಗಳು ಅಕ್ಕೋರು ಹೋದರೆಂದು ಫೋನು ಬಂತು. ಎಂಬತ್ತರ ಹತ್ತಿರದ ವಯಸ್ಸು, ಮಲಗಿದಲ್ಲೇ ಜೀವ ಹೋಯಿತಂತೆ. ಕೇಳಿ ಸ್ವಲ್ಪ ಅತ್ತೆ. ಆದರೆ ಅವರನ್ನು ನೆನೆದು ಬಹಳ ಹೊತ್ತು ಅಳುವುದು ನನ್ನಿಂದಾಗದು, ನಡುವೆ ಎಲ್ಲೋ ನಗು ಬಂದುಬಿಡುತ್ತದೆ. ಅವರ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಸಿಂದಗಿಯಲ್ಲಿ ಯಾರೂ ಅವರನ್ನು ಹೆಸರು ಹಿಡಿದು ಕರೆದದ್ದು ನಾನು ಕೇಳಿಲ್ಲ. ನಮ್ಮ ಕಡೆ ಶಾಲೆ ಕಲಿಸುವ ಹೆಂಗಸರೆಲ್ಲ ಅಕ್ಕೋರೇ. ಇವರು ಹೆಣ್ಣುಮಕ್ಕಳ ಹೈಸ್ಕೂಲಿನ ಡ್ರಾಯಿಂಗ್ ಅಕ್ಕೋರು. ಹೆಸರು ಬಿಟ್ಟು ಬರೆದದ್ದು ಕಂಡಿದ್ದರೆ ಅವರು ನನ್ನನ್ನು ಬೈಯದೆ ಬಿಡುತ್ತಿರಲಿಲ್ಲ. ಅವರ ಬೈಗುಳ ನನಗೇನೂ ಹೊಸದಲ್ಲ.

ತೊಂಬತ್ತರ ದಶಕ ಮುಗಿಯುತ್ತ ಬಂದಾಗ ಬಸ್‌ಸ್ಟ್ಯಾಂಡಿನ ಎದುರು ನನ್ನದೊಂದು ಕಂಪ್ಯೂಟರ್ ಅಂಗಡಿ ಇತ್ತು. ಅಂಗಡಿ ಎಂದರೆ ಒಂದು ಕಂಪ್ಯೂಟರು, ಕರಕರ ಕೂಗುವ ಒಂದು ಪ್ರಿಂಟರು, ಅವೆರಡಕ್ಕೂ ಹೊದಿಸಲು ನನ್ನವ್ವ ಹೊಲಿದುಕೊಟ್ಟ ಹೂವಿನ ಗವಸು. ಚಪ್ಪಲಿ ಹೊರಗೆ ಬಿಡಿ ಎಂದು ಬೋರ್ಡು ಹಾಕಿದ್ದೆ. ಊರಿನ ಮಂದಿ ಗುಡಿಗೆ ಬಂದವರ ಹಾಗೆ ಚಪ್ಪಲಿ ಬಿಟ್ಟು, ಕೈಕಟ್ಟಿ ನಿಂತು, ಕೆಲಸ ಮಾಡಿಸಿಕೊಂಡು ಹೋಗುತ್ತಿದ್ದರು. ನನಗೆ ಅದರ ಗರ್ವವೂ ಇತ್ತು, ಸುಳ್ಳು ಹೇಳಲಾರೆ. ಅಕ್ಕೋರು ಮೊದಲ ದಿನವೇ ಚಪ್ಪಲಿ ಹಾಕಿಕೊಂಡು ಒಳಗೆ ಬಂದರು.

"ಅಕ್ಕೋರ್ರಿ, ಚಪ್ಪಲ್ಲು..." ಎಂದೆ.

"ಯಾಕ, ಒಳಗ ದೇವ್ರು ಅದಾನೇನು?" ಎಂದವರೇ ಕುರ್ಚಿ ಎಳೆದುಕೊಂಡು ಕುಳಿತು, ಚೀಲದಿಂದ ಒಂದು ರಟ್ಟಿನ ಡಬ್ಬಿ ತೆಗೆದರು. ಅದರ ತುಂಬ ಸ್ಲೈಡುಗಳು.

ಸ್ಲೈಡು ಎಂದರೆ ಈಗಿನವರಿಗೆ ಕಂಪ್ಯೂಟರಿನೊಳಗಿನ ಪುಟ. ಆಗ ಅದು ಕೈಯಲ್ಲಿ ಹಿಡಿಯುವ ವಸ್ತುವಾಗಿತ್ತು. ಎರಡು ಇಂಚು ಚೌಕದ ಬಿಳಿ ಪ್ಲಾಸ್ಟಿಕ್ ಕಟ್ಟು, ನಡುವೆ ಅಂಚೆಚೀಟಿಯಷ್ಟು ದೊಡ್ಡ ಬಣ್ಣದ ಫಿಲ್ಮು. ಬೆಳಕಿಗೆ ಹಿಡಿದರೆ ಚಿತ್ರ ಕಾಣುತ್ತದೆ. ಅಕ್ಕೋರು ಸೊಲ್ಲಾಪುರದಲ್ಲಿ ಹಳೆಯ ಕ್ಯಾಮೆರಾ ಒಂದನ್ನು ಕೊಂಡು, ಆರೇಳು ವರ್ಷದಿಂದ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಈ ನಾಲ್ಕೂ ತಾಲೂಕು ತಿರುಗಿ ಫೋಟೋ ತೆಗೆದಿದ್ದರು. ನಾನು ಒಂದು ಸ್ಲೈಡನ್ನು ಟ್ಯೂಬ್‌ಲೈಟಿಗೆ ಹಿಡಿದೆ. ಏನೋ ಗುಡಿ, ಶಿಲ್ಪ ಇರಬಹುದು ಎಂದುಕೊಂಡಿದ್ದರೆ ಕಂಡದ್ದು ಕೌದಿ. ನಮ್ಮ ಮನೆಯಲ್ಲಿ ದಿನಾ ಹೊದ್ದು ಮಲಗುವಂಥದೇ, ಹಳೆ ಸೀರೆ ಧೋತರ ಹರಿದು, ತುಂಡು ಜೋಡಿಸಿ ಹೊಲಿದ ಕೌದಿ. ಇನ್ನೊಂದು ಎತ್ತಿದೆ, ಅದೂ ಕೌದಿ. ಡಬ್ಬಿಯಲ್ಲಿದ್ದ ಅರವತ್ತೂ ಕೌದಿಗಳೇ.

"ಇವೆಲ್ಲಾ ಹಾಸಿಗಿ ಅಲ್ರಿ?" ಎಂದೆ.

"ನಿನಗ ಹಾಸಿಗಿ, ನನಗ ಚಿತ್ರ. ಈ ಕೆಂಪಿನ ಬಾಜೂಕ ಈ ಹಸರು ಇಡಾಕ ನಾ ಡಿಪ್ಲೊಮಾ ಮಾಡಿದಾಕಿ ಎರಡು ದಿನ ವಿಚಾರ ಮಾಡ್ತೇನಿ. ಈ ಮುದುಕಿ ಒಲಿ ಮ್ಯಾಲಿನ ಸಾರು ನೋಡ್ಕೋತ ಇಟ್ಟಾಳ."

ಬೆಂಗಳೂರಿನ ಒಂದು ಕಲಾಸಂಸ್ಥೆ ಈ ಅರವತ್ತನ್ನೂ ತನ್ನ ಸಂಗ್ರಹಕ್ಕೆ ತೆಗೆದುಕೊಳ್ಳಲು ಒಪ್ಪಿತ್ತು. ಆದರೆ ಮೊದಲ ಸಲ ಕಳಿಸಿದ್ದು ವಾಪಸು ಬಂದಿತ್ತು. ಜೊತೆಗೊಂದು ಕಾಗದ: ಕೈಬರಹದ ಚೀಟಿ ನಡೆಯುವುದಿಲ್ಲ, ಪ್ರತಿ ಸ್ಲೈಡಿಗೂ ಅಚ್ಚಾದ ಲೇಬಲ್ ಇರಬೇಕು, ಅದರಲ್ಲಿ ಕಲಾವಿದರ ಹೆಸರು, ಊರು, ಅಳತೆ ಇರಬೇಕು, ಹೆಸರು ತಿಳಿಯದಿದ್ದಲ್ಲಿ 'ಅಜ್ಞಾತ' ಎಂದು ನಮೂದಿಸುವುದು. ಮುಂದಿನ ಸೋಮವಾರ ಅಂಚೆಗೆ ಬೀಳದಿದ್ದರೆ ಆ ವರ್ಷದ ಬಾಗಿಲು ಮುಚ್ಚಿದಂತೆ. ಅದಕ್ಕೆ ಎಂಟು ದಿನ ಉಳಿದಿತ್ತು.

ಆ 'ಅಜ್ಞಾತ' ಎನ್ನುವ ಮಾತೇ ಅಕ್ಕೋರಿಗೆ ಚುಚ್ಚಿತ್ತು. "ಅಜ್ಞಾತ ಅಂತ ಒಂದು ಲೇಬಲ್ಲೂ ಹೋಗಬಾರದು. ಮಾಡಿದಾಕಿ ಇನ್ನಾ ಉಸರಾಡಾಕತ್ತಾಳ, ರೊಟ್ಟಿ ಬಡ್ಯಾಕತ್ತಾಳ. ಅಕಿ ಹೆಂಗ ಅಜ್ಞಾತ ಆಗ್ತಾಳ? ಹೆಸರು ಕೇಳಾಕ ನಮಗ ಬ್ಯಾಸರಾದ್ರ ಅದು ಅಕಿ ತಪ್ಪೇನು?"

ಲೇಬಲ್ಲಿನ ಜಾಗ ಎಂದರೆ ಸ್ಲೈಡಿನ ಅಂಚಿನ ಬಿಳಿ ಪಟ್ಟಿ. ಅಗಲ ಕಿರುಬೆರಳಿನ ಅರ್ಧ, ಉದ್ದ ಎರಡು ಇಂಚಿಗಿಂತ ತುಸು ಕಡಿಮೆ. ಅಷ್ಟರಲ್ಲಿ ಎರಡು ಸಾಲು ಕೂಡಬೇಕು. ನನಗೆ ಆ ತನಕ ಗೊತ್ತಿದ್ದ ವಿದ್ಯೆ ಲಗ್ನಪತ್ರಿಕೆಯದು. ಮೊದಲ ಲೇಬಲ್ಲನ್ನು ಬಹಳ ಶ್ರದ್ಧೆಯಿಂದ ಮಾಡಿದೆ. ಮೇಲೆ ಶ್ರೀಕಾರ, ಎರಡೂ ಕಡೆ ಬಳ್ಳಿ, ನಡುವೆ ಬಳುಕುವ ಅಕ್ಷರದಲ್ಲಿ ಹೆಸರು. ಅಕ್ಕೋರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ನೋಡಿದರು.

"ಛಲೋ ಆಗೈತಿ. ಅಕ್ಕಿಕಾಳು ಯಾವಾಗ?" ಎಂದರು.

ಬಳ್ಳಿ ಕಿತ್ತೆ, ಶ್ರೀಕಾರ ತೆಗೆದೆ. ನನ್ನ ಪ್ರಿಂಟರಿನಿಂದ ಶ್ರೀಕಾರವಿಲ್ಲದ ಕಾಗದ ಹೊರಬಿದ್ದದ್ದು ಅದೇ ಮೊದಲು.

ಮರುದಿನ ಅವರು ಹೆಸರುಗಳಿದ್ದ ನೋಟ್‌ಬುಕ್ ಕೊಟ್ಟು ಶಾಲೆಗೆ ಹೋದರು. ನಾನು ಅದರಲ್ಲಿದ್ದದ್ದನ್ನು ಇದ್ದಹಾಗೇ ಟೈಪು ಹೊಡೆದೆ. ಸಂಜೆ ಬಂದು ನೋಡಿದ ಅಕ್ಕೋರು ಕುರ್ಚಿ ಹಿಡಿದುಕೊಂಡು ನಗಲು ಶುರು ಮಾಡಿದರು. ಆಗಿದ್ದಿಷ್ಟು: ಪೂರ್ತಿ ಹೆಸರು ಬೇಕೆಂದು ಅಕ್ಕೋರು ಕೇಳಿದಾಗ ಹೆಂಗಸರು ಗಂಡನ ಹೆಸರನ್ನು ಹಾಗೇ ಹೇಳಿರಲಿಲ್ಲ. ನಮ್ಮ ಕಡೆ ಹೇಳುವುದೂ ಇಲ್ಲ. ಹೇಳಲೇಬೇಕೆಂದರೆ ಒಡಪು ಕಟ್ಟಿ, ಅದರೊಳಗೆ ಹೆಸರು ಸೇರಿಸಿ ಹೇಳಬೇಕು. ಅಕ್ಕೋರು ಒಡಪುಗಳನ್ನು ಪೂರಾ ಬರೆದುಕೊಂಡಿದ್ದರು. ನಾನು ಪೂರಾ ಛಾಪಿಸಿದ್ದೆ. ಅದಕ್ಕಾಗಿ ಅಕ್ಷರಗಳನ್ನು ಸಾಸಿವೆಗಿಂತ ಸಣ್ಣದು ಮಾಡಿದ್ದೆ. ಸಾಲೋಟಗಿಯ ಶಾಂತವ್ವನ ಲೇಬಲ್ಲು ಹೀಗಿತ್ತು: "ಕುಸುಬಿ ಹೊಲಕ ಬೇಲಿ ಬ್ಯಾಡ, ರಾಯಪ್ಪನ ಹೆಸರಿಗೆ ನಾಚಿಕಿ ಬ್ಯಾಡ, ಶಾಂತವ್ವ, ಆರು ಅಡಿ ನಾಕು ಅಡಿ."

"ಅಲ್ಲೋ ತಮ್ಮಾ, ಬೆಂಗಳೂರಿನವ್ರು ಓದಿ ರಾಯಪ್ಪ ಆರು ಅಡಿ ಅದಾನ ಅನ್ಕೋತಾರ!"

ನಗು ನಿಂತ ಮೇಲೆ ಅವರು ನೋಟ್‌ಬುಕ್ ತೆರೆದು, ಕೆಂಪು ಪೆನ್ನಿನಿಂದ ಗಂಡಂದಿರನ್ನೆಲ್ಲ ಒಬ್ಬೊಬ್ಬರನ್ನಾಗಿ ಹೊಡೆದುಹಾಕಿದರು. "ಎರಡು ಸಾಲಿನ್ಯಾಗ ಜಾಗಾ ಇಲ್ಲ. ಹೊಲಿದಾಕಿ ಅಕಿ. ಅಂವಾ ಹೊಚ್ಚಕೊಂಡು ಮಲಗಿದ್ದ, ಅಷ್ಟ."

ಐವತ್ತೊಂಬತ್ತು ಹೆಸರು ಸರಿಹೋದವು. ಅರವತ್ತನೆಯ ಸ್ಲೈಡಿಗೆ ಹೆಸರೇ ಇರಲಿಲ್ಲ. ಅದು ಉಳಿದೆಲ್ಲದಕ್ಕಿಂತ ಚೆಂದದ್ದು. ಕಪ್ಪು ಇಳಕಲ್ ಸೀರೆಯ ತುಂಡುಗಳು, ನಡುನಡುವೆ ಅರಿಶಿಣದ ಬಣ್ಣದ ಚೌಕ, ಮೂಲೆಗೊಂದು ರಕ್ತಗೆಂಪು. ಅಂಚಿನಿಂದ ಶುರುವಾಗಿ ಸುತ್ತು ಸುತ್ತು ಒಳಗೆ ಹೋಗುವ ದಪ್ಪ ಬಿಳಿ ದಾರದ ಹೊಲಿಗೆ. ಹಾಸಿಗೆ ಎಂದ ನನ್ನ ಬಾಯಿಯೂ ಆ ಒಂದನ್ನು ಕಂಡು ಮುಚ್ಚಿತು.

ಎರಡು ವರ್ಷದ ಹಿಂದೆ ಮುದ್ದೇಬಿಹಾಳದಿಂದ ಬರುವಾಗ ಅಕ್ಕೋರು ಅದನ್ನು ಬಸ್ಸಿನ ಕಿಟಕಿಯಿಂದ ಕಂಡಿದ್ದರು. ಒಂದು ಮನೆಯ ಗೋಡೆಗೆ ಒಣಹಾಕಿದ್ದರು, ಕೆಳಗೆ ಕಟ್ಟೆಯ ಮೇಲೆ ಒಬ್ಬ ಮುದುಕ ಚುರುಮುರಿ ತಿನ್ನುತ್ತ ಕುಳಿತಿದ್ದ. ಹೊರಟ ಬಸ್ಸನ್ನು ನಿಲ್ಲಿಸಿ, ಇಳಿದು, ಒಂದೇ ಒಂದು ಫೋಟೋ ತೆಗೆದರು. ಕಂಡಕ್ಟರು ಸಿಟ್ಟಿನಿಂದ ಸೀಟಿ ಊದಿದ. "ಬಸ್ಸು ತಾಸಿಗೊಂದು ಬರ್ತೈತಿ, ಇಂಥಾದ್ದು ಜನ್ಮಕ್ಕೊಂದು ಬರ್ತೈತಿ" ಎಂದು ಅವನಿಗೇ ಜೋರು ಮಾಡಿ ಹತ್ತಿದ್ದರು. ಹೆಸರು ಕೇಳಲು ಹೊತ್ತಿರಲಿಲ್ಲ. ಆಮೇಲೆ ಹುಡುಕಿಕೊಂಡು ಹೋದಾಗ ಆ ಮನೆಯ ಬಾಡಿಗೆದಾರರು ಊರು ಬಿಟ್ಟಿದ್ದರು. ಎಲ್ಲಿಗೆ ಹೋದರೆಂದು ಓಣಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

"ಇದೊಂದಕ್ಕ ಅಜ್ಞಾತ ಅಂತ ಹಾಕಿಬಿಡೂಣ್ರಿ" ಎಂದೆ. ಅಕ್ಕೋರು ನನ್ನನ್ನೂ ಒಂದು ಕಣ್ಣು ಮುಚ್ಚಿ ನೋಡಿದರು. ನಾನು ಮುಂದೆ ಆ ಮಾತು ಎತ್ತಲಿಲ್ಲ.

ಉಳಿದ ಲೇಬಲ್ಲುಗಳನ್ನು ಅಂಟಿಸುವ ಕೆಲಸ ನನ್ನದಾಯಿತು. ಮಂಗಳವಾರ ಅಕ್ಕೋರು ಪರೀಕ್ಷೆಯ ಕೆಲಸದಲ್ಲಿದ್ದರು. ಸ್ಲೈಡಿನ ಫಿಲ್ಮಿಗೆ ಒಂದು ಮಗ್ಗುಲು ಮಿರಮಿರ, ಇನ್ನೊಂದು ಮಂಕು. ಮಿರುಗುವ ಕಡೆ ಬೆರಳು ತಾಗಿದರೆ ಗುರುತು ಬೀಳುತ್ತದೆಂದು ಅಕ್ಕೋರು ಎಚ್ಚರಿಸಿದ್ದರು. ಅದಕ್ಕೆ ನಾನು ಬಹಳ ಜಾಣತನದಿಂದ ಮೊದಲು ಹಳೆ ಚೀಟಿಗಳನ್ನೆಲ್ಲ ಕಿತ್ತು, ಅವ್ವನ ಹೂವಿನ ಗವಸನ್ನು ಮೇಜಿಗೆ ಹಾಸಿ, ಮಿರುಗುವ ಮಗ್ಗುಲು ಕೆಳಗೆ ಮಾಡಿ ಮಲಗಿಸಿ, ಮೇಲೆ ಕಂಡ ಮಗ್ಗುಲಿಗೆ ಹೊಸ ಲೇಬಲ್ಲು ಅಂಟಿಸಿದೆ. ಅರವತ್ತನೆಯದಕ್ಕೂ ಊರು, ಅಕ್ಕೋರ ಅಂದಾಜಿನ ಅಳತೆ ಹಾಕಿ, ಹೆಸರಿನ ಜಾಗ ಖಾಲಿ ಬಿಟ್ಟು ಅಂಟಿಸಿದೆ. ಒಂದೂ ಸೊಟ್ಟಗಾಗಲಿಲ್ಲ. ಅಷ್ಟು ಚೊಕ್ಕ ಕೆಲಸ ನಾನು ಮತ್ತೆಂದೂ ಮಾಡಿಲ್ಲ.

ಬುಧವಾರ ಬೆಳಿಗ್ಗೆ ಅಕ್ಕೋರು ಅಂಗಡಿಯ ಬಾಗಿಲಲ್ಲಿ ನಿಂತು, "ಗವಸು ಹೊಚ್ಚು, ನಡಿ" ಎಂದರು. ಕೌದಿ ಕಂಡ ಕೂಡಲೇ ಹೊಲಿದವಳ ಕೈ ಗುರುತಿಸುವವಳೆಂದರೆ ಸಾಲೋಟಗಿಯ ಶಾಂತವ್ವ. ಅವಳನ್ನೇ ಕೇಳಿಬಿಡೋಣ ಎಂದು ಅವರ ಲೆಕ್ಕಾಚಾರ. ಇಂಡಿ ಬಸ್ಸು ಹಿಡಿದೆವು. ಹಾದಿಯುದ್ದಕ್ಕೂ ಅವರು ಹೊಲದ ಬಣ್ಣ ತೋರಿಸುತ್ತ, ಮಡಿಲಲ್ಲಿ ಬುತ್ತಿ ಬಿಚ್ಚಿ, ನನಗೆ ರೊಟ್ಟಿಯಲ್ಲಿ ಶೇಂಗಾ ಚಟ್ನಿ ಸುತ್ತಿಕೊಡುತ್ತ ಬಂದರು. ಹಿಂದಿನ ಸೀಟಿನ ಅಪರಿಚಿತನಿಗೂ ಒಂದು ಸುರುಳಿ ಕೊಟ್ಟರು. ಅವನು ಬೇಡವೆಂದರೆ, "ತಗೋರಿ, ಖಾರ ಇಲ್ಲ" ಎಂದರು. ಅವನು ಬಾಯಿಗಿಟ್ಟ ಮೇಲೆ ಕಣ್ಣೀರು ಒರೆಸಿಕೊಂಡದ್ದನ್ನು ನಾನು ನೋಡಿದೆ.

ಅಕ್ಕೋರ ಹತ್ತಿರ ಸ್ಲೈಡು ನೋಡುವ ಅಂಗೈಯಗಲದ ಡಬ್ಬಿ ಇತ್ತು. ಒಳಗೆ ಶೆಲ್ಲು ಹಾಕಿದ ಪುಟ್ಟ ದೀಪ, ಮುಂದೆ ದೊಡ್ಡದು ಮಾಡಿ ತೋರಿಸುವ ಗಾಜು. ನಾನು ಲೇಬಲ್ಲು ಮುಂದೆ ಬರುವಂತೆ ಸ್ಲೈಡು ತೂರಿಸಿ ಶಾಂತವ್ವನ ಕೈಗೆ ಕೊಟ್ಟೆ. ಅವಳು ಬಹಳ ಹೊತ್ತು ಕಣ್ಣು ತೆಗೆಯಲಿಲ್ಲ.

"ಇದು ಎಡಗೈ ಹೊಲಿಗಿರಿ ಅಕ್ಕೋರ" ಎಂದಳು.

"ಹೆಂಗ ಹೇಳ್ತಿ?"

"ನಾವು ಬಲಗೈಯವ್ರು ಹಿಂಗ ಸುತ್ತು ಬರ್ತೇವ್ರಿ" ಎಂದು ಬೆರಳಿನಿಂದ ಗಾಳಿಯಲ್ಲಿ ಸುತ್ತು ಹಾಕಿ ತೋರಿಸಿದಳು. "ಇಕಿ ಉಲ್ಟಾ ಬಂದಾಳ. ಎಡಗೈಲೆ ಹೊಲಿಯಾಕಿ ನನಗ ಗೊತ್ತಿದ್ದಾಕಿ ಒಬ್ಬಾಕೀನ. ನನ್ನ ತವರಮನಿ ಕಡೇದಾಕಿ, ಬಾಗೇವಾಡಿ ಹಂತೇಕ, ನೀಲವ್ವ ಅಂತ."

ಅಕ್ಕೋರು ಶಾಂತವ್ವನನ್ನು ತಬ್ಬಿಕೊಂಡರು. ಮರುದಿನವೇ ಬಾಗೇವಾಡಿ ಬಸ್ಸು ಹತ್ತಿದೆವು. ಇಳಿದು ಎರಡು ಮೈಲಿ ಬಿಸಿಲಲ್ಲಿ ನಡೆದೆವು. ಅಕ್ಕೋರು ಮುಂದೆ, ಕೊಡೆಯ ನೆರಳೂ ಅವರ ಜೊತೆಗೇ ಮುಂದೆ. ನಾನು ಹಿಂದೆ ಬಿಸಿಲಲ್ಲಿ. ಊರು ಮುಟ್ಟಿ ಕೇಳಿದರೆ ನೀಲವ್ವನ ಮನೆ ಎಲ್ಲರಿಗೂ ಗೊತ್ತಿತ್ತು.

ನೀಲವ್ವನಿಗೆ ಅರವತ್ತು ದಾಟಿರಬೇಕು. ಪಡಸಾಲೆಯಲ್ಲಿ ಕೌದಿ ಹರಡಿಕೊಂಡು ನಿಜವಾಗಿಯೂ ಎಡಗೈಯಿಂದ ಹೊಲಿಯುತ್ತಿದ್ದಳು. ನಮ್ಮನ್ನು ಕಂಡ ಕೂಡಲೇ ಸೂಜಿ ಬಿಟ್ಟು ಎಡಗೈಯನ್ನು ಸೆರಗಿನೊಳಗೆ ಸರಿಸಿದಳು. ಅಕ್ಕೋರು ಅದನ್ನು ನೋಡಿದರೂ ನೋಡದವರ ಹಾಗೆ ನೆಲಕ್ಕೆ ಕುಳಿತು, ಚಹಾ ಕುಡಿದು, ಊರಿನ ಸುದ್ದಿ ಆಡಿ, ಆಮೇಲೆ ಡಬ್ಬಿಯನ್ನು ಅವಳ ಕೈಗೆ ಕೊಟ್ಟರು.

ನೀಲವ್ವ ನೋಡಿದಳು. ಡಬ್ಬಿ ತಿರುವಿ ಹಿಂದೇನಿದೆ ಎಂದು ನೋಡಿದಳು. ಮತ್ತೆ ಕಣ್ಣಿಟ್ಟಳು.

"ಹೊಲಿಗಿ ನಂದ ಐತ್ರಿ. ಮೂಲ್ಯಾಗ ಮೂರು ಸಣ್ಣ ಹೊಲಿಗಿ ಹಾಕಿ ಒಂದು ಉದ್ದಂದು ಹಾಕೂದು ನನ್ನ ಪದ್ಧತಿ. ಆದ್ರ ಇದನ್ನ ನಾ ಹೊಲಿದಿಲ್ಲರಿ."

"ಮರತಿರಬೇಕು ನೋಡವ್ವಾ, ಎರಡು ವರ್ಷಾತು."

"ಹಡದ ಕೂಸು ಮರೀತಾರೇನ್ರಿ? ಈ ಕೆಂಪು ಸೀರಿ ನಮ್ಮ ಮನ್ಯಾಗ ಇದ್ದಿಲ್ಲ. ಈ ಹಳದಿ ನಾ ಕಂಡೇ ಇಲ್ಲ. ಕೈ ನಂದು, ಅರಿವಿ ನಂದಲ್ಲ."

ಅಕ್ಕೋರ ಮುಖ ಸಣ್ಣದಾಯಿತು. ಅವರನ್ನು ಹಾಗೆ ನಾನು ಎಂದೂ ನೋಡಿರಲಿಲ್ಲ. ಗುರುವಾರ ಅರ್ಧ ಕಳೆದಿತ್ತು, ಎಡಗೈಯವಳು ಇನ್ನೊಬ್ಬಳು ಎಲ್ಲೂ ಇರಲಿಲ್ಲ. ಹೆಸರಿನ ಜಾಗ ಖಾಲಿ ಬಿಟ್ಟ ಆ ಲೇಬಲ್ಲು ನನಗೂ ನೆನಪಾಯಿತು.

ನೀಲವ್ವ ಮಾತ್ರ ಡಬ್ಬಿ ಬಿಟ್ಟಿರಲಿಲ್ಲ. ಒಮ್ಮೆಲೇ ಖಿಲ್ಲೆಂದು ನಕ್ಕಳು.

"ಅಕ್ಕೋರ್ರಿ, ಈ ಕಟ್ಟಿಮ್ಯಾಲಿನ ಮುದುಕ ಎಡಗೈಲೆ ಚುರುಮುರಿ ತಿನ್ನಾಕತ್ತಾನಲ್ರಿ!"

"ತಿಂದ್ರ ತಿನ್ನಲಿ ಬಿಡವ್ವಾ."

"ಇಲ್ರಿ, ಕೇಳ್ರಿ ಇಲ್ಲಿ. ಎಡಗೈಲೆ ಉಣ್ಣಾಕ ನಮ್ಮ ಅಜ್ಜಿ ನನಗ ಬಿಟ್ಟಾಳೇನ್ರಿ? ಬೆರಳ ಗಂಟಿನ ಮ್ಯಾಲೆ ಲಟ್ಟಣಿಗಿಲೆ ಬಡದು ಬಡದು ಬಲಗೈಲೆ ಉಣ್ಣಾಕ ಕಲಿಸಿದ್ಳು. ಹೊಲಿಯೂದು ಯಾರೂ ನೋಡ್ಲಿಲ್ಲ, ಅದೊಂದು ಉಳಕೊಂತು. ಇಷ್ಟು ಹಣ್ಣಾದ ಮುದುಕ, ಹಾದಿಗೆ ಮುಖಾ ಮಾಡಿ, ಎಡಗೈಲೆ ತಿಂತಾನೇನ್ರಿ? ನಿಮ್ಮ ಫೋಟೋ ಉಲ್ಟಾ ಐತಿ!"

ಅಕ್ಕೋರು ಡಬ್ಬಿ ಕಸಿದುಕೊಂಡು ಸ್ಲೈಡು ಹೊರಗೆಳೆದರು. ಬಾಗಿಲ ಬೆಳಕಿಗೆ ಹಿಡಿದು ಓರೆ ಮಾಡಿದರು. ಲೇಬಲ್ಲು ಇದ್ದ ಮಗ್ಗುಲು ಮಂಕಾಗಿತ್ತು. ನೆಟ್ಟಗೆ ಕಾಣಬೇಕಾದರೆ ಮಿರುಗುವ ಮಗ್ಗುಲು ನೋಡುವವರ ಕಡೆ ಇರಬೇಕು, ಲೇಬಲ್ಲು ಇರಬೇಕಾದದ್ದೂ ಆ ಮಗ್ಗುಲಿಗೇ. ನನ್ನ ಚೊಕ್ಕ ಕೆಲಸದಿಂದ ಅರವತ್ತು ಕೌದಿಗಳೂ ಕನ್ನಡಿಯಲ್ಲಿ ಕಂಡಂತೆ ಮಗುಚಿಕೊಂಡಿದ್ದವು. ಕೌದಿಯ ಮೇಲೆ ಅಕ್ಷರವೇ ಇರುವುದಿಲ್ಲವಾಗಿ ಯಾರಿಗೂ ತಿಳಿದಿರಲಿಲ್ಲ.

ಬೈಗುಳಕ್ಕೆ ತಲೆ ತಗ್ಗಿಸಿ ನಿಂತೆ. ಅಕ್ಕೋರು ಬಾಯಿ ತೆರೆದರು. ಹೊರಬಂದದ್ದು ನಗು. "ಇಂವಾ ಮಾಡಿದ್ದು ಹೋಗ್ಲಿ, ಮೂವತ್ತು ವರ್ಷ ಡ್ರಾಯಿಂಗ್ ಕಲಿಸೇನಿ, ನನ್ನ ಕಣ್ಣಿಗೆ ಮಣ್ಣು ಬಿದ್ದಿತ್ತೇನು? ಮುದುಕನ್ನ ನೋಡೇ ಇಲ್ಲ ನಾನು!" ಎಂದು ಕಂಬಕ್ಕೆ ಒರಗಿ ನಕ್ಕರು. ಸ್ಲೈಡನ್ನು ತಿರುವಿ ಹಾಕಿ ಮತ್ತೆ ನೀಲವ್ವನಿಗೆ ಕೊಟ್ಟರು. "ಈಗ ಹೇಳವ್ವಾ."

ನೀಲವ್ವ ಈ ಸಲ ನಗಲಿಲ್ಲ. ಗಾಜಿಗೆ ಕಣ್ಣು ಒತ್ತಿಕೊಂಡು ಕುಳಿತೇ ಇದ್ದಳು. ಕೊನೆಗೆ ಮೆಲ್ಲಗೆ, "ಇದು ನಮ್ಮ ಮಾದೇವಿದ್ರಿ" ಎಂದಳು.

ಮಾದೇವಿ ಎಂದರೆ ಅವಳ ಮಗಳು ಮಹಾದೇವಿ, ಇಂಡಿ ತಾಲೂಕಿನ ಅಗರಖೇಡಕ್ಕೆ ಕೊಟ್ಟವಳು. ಹುಡುಗಿಗೆ ಬಲಗೈ ರೂಢಿ. ತಾಯಿಯ ಮಗ್ಗುಲಿಗೆ ಕುಳಿತರೆ ಎಡಗೈ ಹೊಲಿಗೆ ಅರ್ಥವೇ ಆಗುತ್ತಿರಲಿಲ್ಲವಂತೆ. ಅದಕ್ಕೆ ನೀಲವ್ವ ಅವಳನ್ನು ಎದುರಿಗೆ ಕೂರಿಸಿಕೊಂಡಿದ್ದಳು. ತಾನು ಮಾಡಿದ್ದನ್ನು ಕನ್ನಡಿಯಲ್ಲಿ ಕಂಡಹಾಗೆ ಮಾಡು ಎಂದಿದ್ದಳು. ಮಗಳು ಹಾಗೇ ಕಲಿತಿದ್ದಳು. ಮೂಲೆಯ ಮೂರು ಸಣ್ಣ ಹೊಲಿಗೆ, ಒಂದು ಉದ್ದ ಹೊಲಿಗೆ, ಎಲ್ಲವೂ ತಾಯಿಯದೇ, ಸುತ್ತು ಮಾತ್ರ ಎದುರುಬದುರು. ನಾನು ಮಗುಚಿದ್ದರಿಂದ ಅದು ಮತ್ತೆ ತಾಯಿಯ ಕೈಯಾಗಿ ಕಂಡಿತ್ತು. ಮುದ್ದೇಬಿಹಾಳದಲ್ಲಿ ಬಾಡಿಗೆಗಿದ್ದ ನಾದಿನಿಯ ಬಾಣಂತನಕ್ಕೆ ಹೋದ ಮಗಳು ಕೌದಿಯೊಂದನ್ನು ಒಯ್ದದ್ದು ನೀಲವ್ವನಿಗೆ ಗೊತ್ತಿತ್ತು, ಅದನ್ನು ಕಣ್ಣಿಂದ ನೋಡಿರಲಿಲ್ಲ.

"ಇಷ್ಟು ಛಲೋ ಹೊಲೀತಾಳಂತ ನನಗ ಗೊತ್ತಿದ್ದಿಲ್ರಿ" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು. ಒರೆಸಿಕೊಂಡದ್ದು ಎಡಗೈಯಿಂದ. ಅಡಗಿಸುವುದು ಮರೆತಿತ್ತು.

ಅಕ್ಕೋರು ನೋಟ್‌ಬುಕ್ ತೆರೆದರು. "ಹಂಗಾದ್ರ ಇಬ್ಬರ ಹೆಸರೂ ಹಾಕೂನು."

"ಬ್ಯಾಡ್ರಿ ಬ್ಯಾಡ್ರಿ. ಹೊಲಿದಾಕಿ ಅಕಿ. ಈ ಸೊಟ್ಟ ಕೈದಾಕಿ ಹೆಸರು ಯಾಕ ಬೆಂಗಳೂರಿಗೆ? ನಕ್ಕಾರು."

ಅಕ್ಕೋರು ನೋಟ್‌ಬುಕ್ ಮುಚ್ಚಿ, ರವಿವಾರ ಮಧ್ಯಾಹ್ನ ಮಗಳನ್ನು ಕರೆಸಿಕೊಂಡು ಸಿಂದಗಿಗೆ ಬಾ ಎಂದು ಅವಳಿಂದ ಮಾತು ತೆಗೆದುಕೊಂಡರು. ಅಂಚೆಗೆ ಹಾಕುವ ಮುನ್ನ ಹೊಲಿದವರಿಗೆಲ್ಲ ತಮ್ಮ ಶಾಲೆಯಲ್ಲಿ ಒಮ್ಮೆ ತೋರಿಸಬೇಕೆಂದು ಅವರು ಎಂದೋ ನಿಶ್ಚಯ ಮಾಡಿ, ಎಲ್ಲರಿಗೂ ಹೇಳಿಕಳಿಸಿದ್ದರು.

ಶುಕ್ರವಾರ, ಶನಿವಾರ ನಾನು ಕಿತ್ತೆ, ಛಾಪಿಸಿದೆ, ಅಂಟಿಸಿದೆ. ಅಂಟಿನ ಹಾಳೆ ನಡುವೆಯೇ ಮುಗಿಯಿತು. ಉಳಿದವನ್ನು ಸಾದಾ ಕಾಗದದ ಮೇಲೆ ಹೊಡೆದು, ಕತ್ತರಿಸಿ, ಗೋಂದು ಹಚ್ಚಿದೆ. ಪ್ರತಿ ಸ್ಲೈಡನ್ನೂ ಅಂಟಿಸುವ ಮೊದಲು ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡುತ್ತಿದ್ದೆ. ಹಿಂದಿನಿಂದ ಅಕ್ಕೋರು, "ಈಗ ಬಂತು ನೋಡು ಬುದ್ಧಿ" ಎನ್ನುತ್ತಿದ್ದರು. ಅರವತ್ತನೆಯದಕ್ಕೆ ಬಂದಾಗ ಅವರು ಚೀಟಿಯೊಂದನ್ನು ಮುಂದಿಟ್ಟರು: ಮಹಾದೇವಿ, ಅಗರಖೇಡ. ಕಲಿಸಿದವರು: ತಾಯಿ ನೀಲವ್ವ.

"ಕಲಿಸಿದವ್ರು ಅಂತ ಅವ್ರ ಕಾಗದದಾಗ ಕಾಲಮ್ಮೇ ಇಲ್ರಿ ಅಕ್ಕೋರ. ಅಕಿ ಬ್ಯಾಡ ಅಂದಾಳ ಬ್ಯಾರೆ."

"ಕಾಲಂ ಇಲ್ಲಂದ್ರ ಏನಾತು, ಜಾಗಾ ಐತಲ್ಲ? ಅಳತಿ ತಗದುಹಾಕು. ಕೌದಿ ಎಷ್ಟು ಉದ್ದ ಐತಿ ಅನ್ನೂದು ಫೋಟೋ ನೋಡಿ ತಿಳಕೊಳ್ಳಲಿ. ಅಕಿ ಬ್ಯಾಡ ಅಂದದ್ದು ನಾಚಿಕಿಗೆ. ಕಣ್ಣಾರೆ ನೋಡಿಂದ ಬ್ಯಾಡ ಅಂದ್ರ ನಾನ ಕಿತ್ತು ತಗೀತೇನಿ."

ಅಳತೆ ತೆಗೆದೆ. ಎರಡು ಸಾಲು ಕೂಡಿತು.

ರವಿವಾರ ಶಾಲೆಯ ದೊಡ್ಡ ಕೋಣೆಯಲ್ಲಿ ಇನ್ನೊಂದು ತಾಪತ್ರಯ. ಪ್ರೊಜೆಕ್ಟರ್ ಇತ್ತು, ಪರದೆಗೆ ಧೋತರ ಇತ್ತು, ಕತ್ತಲೆ ಇರಲಿಲ್ಲ. ಎಂಟು ಕಿಟಕಿಗಳಿಂದ ಮಧ್ಯಾಹ್ನದ ಬಿಸಿಲು ಒಳಗೆ ಸುರಿಯುತ್ತಿತ್ತು. ಹೆಂಗಸರು ತಾವಾಗಿಯೇ ಎದ್ದರು. ಅಕ್ಕೋರಿಗೆ ತೋರಿಸಲೆಂದು ಗಂಟು ಕಟ್ಟಿ ತಂದಿದ್ದ ಕೌದಿಗಳನ್ನು ಬಿಚ್ಚಿ ಕಿಟಕಿಗೊಂದರಂತೆ ತೂಗುಹಾಕಿದರು. ಕೋಣೆ ಕತ್ತಲಾಯಿತು. ಸೂಜಿ ಹೊಕ್ಕ ಸಂದಿನಿಂದ ಅಲ್ಲಲ್ಲಿ ಬೆಳಕಿನ ಚುಕ್ಕೆ ಕಾಣುತ್ತಿತ್ತು. ನಾಲ್ಕೂ ತಾಲೂಕಿನಿಂದ ನಲವತ್ತು ಮಂದಿಯಾದರೂ ಬಂದಿದ್ದರು. ಎಲೆಅಡಿಕೆ, ನಗು, ಕೂಸುಗಳ ಗಲಾಟೆ. ಪ್ರೊಜೆಕ್ಟರಿನ ಗುಂಡಿ ಒತ್ತುವ ಕೆಲಸ ನನ್ನದು.

ಮೊದಲ ಕೌದಿ ಗೋಡೆಯಷ್ಟು ದೊಡ್ಡದಾಗಿ ಬೆಳಗಿತು. ಅಕ್ಕೋರು ನೋಟ್‌ಬುಕ್ ಹಿಡಿದು, ಮೂವತ್ತು ವರ್ಷದ ರೂಢಿಯ ದನಿಯಲ್ಲಿ ಲೇಬಲ್ಲಿನ ಹೆಸರು ಓದಿದರು. "ಶಾಂತವ್ವ, ಸಾಲೋಟಗಿ."

"ಹಾಜರ್‍ರೀ!" ಎಂದಳು ಕತ್ತಲಲ್ಲಿ ಶಾಂತವ್ವ.

ಕೋಣೆಗೆ ಕೋಣೆಯೇ ನಕ್ಕಿತು. ಶಾಲೆಯ ಮೆಟ್ಟಿಲು ಹತ್ತದ ಹೆಂಗಸು ಅದನ್ನು ತನ್ನ ಮೊಮ್ಮಗಳ ಬಾಯಲ್ಲಿ ಕೇಳಿ ಕಲಿತಿದ್ದಳು. ಅಲ್ಲಿಂದ ಮುಂದೆ ಎಲ್ಲರದೂ ಅದೇ. ಒಬ್ಬೊಬ್ಬರೂ ಹೆಸರು ಬಂದಾಗ ಎದ್ದು ನಿಂತು ಹಾಜರಿ ಹೇಳುವರು, ತಮ್ಮ ಕೌದಿಯನ್ನು ತಾವೇ ಬೆರಗಾಗಿ ನೋಡುವರು, ಕೂರುವರು. ಬಾರದವರಲ್ಲಿ ಒಬ್ಬಳ ಹೆಸರು ಬಂದಾಗ ನೆರೆಯವಳು, "ಅಕಿಗಿ ಜಡ್ಡಾಗೈತ್ರಿ" ಎಂದಳು. "ನಾಳೆ ಚೀಟಿ ತರಾಕ ಹೇಳು" ಎಂದರು ಅಕ್ಕೋರು, ನಗದೆ.

ಕೊನೆಗೆ ಅರವತ್ತನೆಯದು ಬಂತು. ಕಪ್ಪು, ಅರಿಶಿಣ, ಮೂಲೆಯ ಕೆಂಪು, ಕೆಳಗೆ ಬಲಗೈಯಲ್ಲಿ ಚುರುಮುರಿ ಹಿಡಿದ ಮುದುಕ.

"ಮಹಾದೇವಿ, ಅಗರಖೇಡ."

"ಹಾಜರ್‍ರಿ" ಎಂದಿತು ಒಂದು ಎಳೆಯ ದನಿ.

"ಕಲಿಸಿದವರು, ತಾಯಿ ನೀಲವ್ವ."

ಅಕ್ಕೋರು ಎರಡನೆಯ ಸಲ ಕರೆಯಲಿಲ್ಲ. ನೋಟ್‌ಬುಕ್ಕಿನ ಮೇಲೆ ಪೆನ್ನು ಹಿಡಿದು, ಹಾಗೇ ಕಾಯುತ್ತ ನಿಂತರು. "ಯವ್ವಾ, ಏಳ ಬೇ, ನಿನ್ನ ಕರ್ಯಾಕತ್ತಾರ" ಎಂದು ಮಗಳು ಪಿಸುಗುಟ್ಟಿದ್ದು ಎಲ್ಲರಿಗೂ ಕೇಳಿಸಿತು. ನೀಲವ್ವ ಎದ್ದಳು. ಪರದೆಯ ಬೆಳಕು ಅವಳ ಮುಖದ ಮೇಲೆ ಬಿತ್ತು. ಅವಳು ಬ್ಯಾಡ ಅನ್ನಲಿಲ್ಲ. ಶಾಲೆಯಲ್ಲಿ ಕೈ ಎತ್ತಬೇಕೆಂದು ಯಾರೋ ಹೇಳಿದ್ದರು. ಅವಳು ಕೈ ಎತ್ತಿದಳು. ಎತ್ತಿದ್ದು ಎಡಗೈ.

"ಹಾಜರ ಅದೇನ್ರಿ" ಎಂದಳು.

ನನ್ನ ಕಣ್ಣು ತುಂಬಿ ಬಂದು, ಇಷ್ಟು ಸಂತೋಷ ನನಗೆ ಮತ್ತೆ ಯಾವಾಗಲಾದರೂ ಆಗುತ್ತದೋ ಇಲ್ಲವೋ ಎನ್ನಿಸಿತು. ತೋರಿಸುವುದು ಮುಗಿದಿತ್ತು, ಗುಂಡಿ ಒತ್ತಿ ದೀಪ ಆರಿಸಬೇಕಾದವನು ನಾನು. ಬೆರಳು ಏಳಲಿಲ್ಲ. ದೀಪದ ಕಾವಿಗೆ ಹೆಚ್ಚು ಹೊತ್ತು ಇಟ್ಟರೆ ಸ್ಲೈಡು ಕೆಡುತ್ತದೆಂದು ನನಗೆ ನೂರು ಸಲ ಬೈದು ಹೇಳಿದ ಅಕ್ಕೋರು ಅಂದು ಬೈಯಲಿಲ್ಲ. ನೋಟ್‌ಬುಕ್ಕಿನಲ್ಲಿ ನೀಲವ್ವನ ಹೆಸರಿನ ಮುಂದೆ ಗುರುತು ಹಾಕಿ, ಬಂದು ನನ್ನ ಮಗ್ಗುಲಲ್ಲಿ ನಿಂತು, "ಇರ್‍ಲಿ ಬಿಡೋ" ಎಂದರು. "ಅಕಿ ಕೈ ಇಳಸೂ ತನಕಾ ಇರ್‍ಲಿ."